ಬಟನ್ ಇದ್ದ ಮಾತ್ರಕ್ಕೆ ಟೈರ್ ಇದೆ ಅಂತಲ್ಲ: ಕರೇರಾ ಜಿಟಿ, ಲಗೂನಾ ಸೆಕಾ ಪ್ರಶ್ನೆಗೆ ಉತ್ತರ

ಸಾರ್, ನಿಮ್ಮ ಪೋರ್ಷೆ ಕರೇರಾ ಜಿಟಿ ಕಾರನ್ನ ಆ ಹಳೇ ಟೈರಿನಲ್ಲಿ ಕ್ಯಾಲಿಫೋರ್ನಿಯಾದ ಲಗೂನಾ ಸೆಕಾ ರೇಸ್ ಟ್ರ್ಯಾಕಿಗೆ ಇಳಿಸಬೇಡಿ. ನೀವು ಹಾಕಿರೋ ಫೋಟೋ ದೊಡ್ಡದು ಮಾಡಿ ನೋಡಿದೆ. ಹಿಂದಿನ ಎಡಗಡೆ ಟೈರಿನ ಡಾಟ್ ಕೋಡಿನ (ಪಕ್ಕದ ಗೋಡೆಯ ಮೇಲೆ ಅಚ್ಚಾದ ತಯಾರಿಕೆಯ ಸಂಖ್ಯೆ) ಕೊನೇ ನಾಲ್ಕು ಅಂಕಿ 2214. ಅಂದ್ರೆ 2014ನೇ ಇಸವಿಯ 22ನೇ ವಾರದ ಮಾಲು. ಬಟನ್ (ಟೈರಿನ ಮೇಲ್ಮೈಯ ಉಬ್ಬು ಕಟ್ಟುಗಳು) ಬಗ್ಗೆ ಕೆಳಗೆ ನೀವೇ ಬರೆದಿದ್ದೀರಿ: "ಬಟನ್ ಹೊಸದರ ಹಾಗೇ ಇದೆ, ಮುಂದಿನ ತಿಂಗಳು ಲಗೂನಾ ಸೆಕಾ, ಎರಡು ಲ್ಯಾಪ್ ಕಾಯಿಸಿ ಆಮೇಲೆ ಬಿಡ್ತೀನಿ." ಅದಕ್ಕೆ ಇನ್ನೊಬ್ಬರು "ನಾಲ್ಕಕ್ಕೂ 36 ಪಿಎಸ್‌ಐ ನೈಟ್ರೋಜನ್ ಹಾಕಿಸಿ, ಸಾಕು" ಅಂತ ಉತ್ತರ ಕೊಟ್ಟಿದ್ದಾರೆ. ಎರಡೂ ತಪ್ಪು. ಬಟನ್ ನೋಡಿ ಟೈರಿನ ಆಯಸ್ಸು ಲೆಕ್ಕ ಹಾಕೋ ತಪ್ಪನ್ನ ನಾನೂ ಮಾಡಿದವನೇ, ಅದಕ್ಕೇ ಇಷ್ಟುದ್ದ ಬರೀತಿದ್ದೀನಿ.

ಓಡದೆ ನಿಂತ ಕಾರಿನ ಟೈರೂ ಹಾಳಾಗುತ್ತೆ. ರಬ್ಬರಿನೊಳಗೆ ಓಝೋನ್ ತಡೆಯೋ ಮೇಣದಂಥ ಅಂಶ ಬೆರೆಸಿರ್ತಾರೆ. ಟೈರು ಉರುಳುತ್ತಾ ಬಗ್ಗುತ್ತಾ ಇದ್ರೆ ಅದು ಮೇಲ್ಮೈಗೆ ಬರ್ತಾ ಇರುತ್ತೆ. ಗ್ಯಾರೇಜಿನಲ್ಲಿ ಹೊದಿಕೆ ಹೊದ್ದು ನಿಂತ ಕಾರಿನಲ್ಲಿ ಆ ಕೆಲಸ ನಡೆಯಲ್ಲ. ಆದರೆ ಆಮ್ಲಜನಕ ತನ್ನ ಕೆಲಸ ನಿಲ್ಲಿಸಲ್ಲ. ವರ್ಷದಿಂದ ವರ್ಷಕ್ಕೆ ರಬ್ಬರ್ ಗಟ್ಟಿಯಾಗ್ತಾ ಹೋಗುತ್ತೆ, ಮೆದು ಮಾಡೋ ಎಣ್ಣೆ ಹಾರಿಹೋಗುತ್ತೆ, ಒಳಗೆ ಉಕ್ಕಿನ ಬೆಲ್ಟಿನ ಅಂಚಿನಲ್ಲಿ ಹಿಡಿತ ಸಡಿಲ ಆಗುತ್ತೆ. ಹೊರಗಿಂದ ನೋಡಿದ್ರೆ ಕಪ್ಪಗೆ, ಚೆಂದಗೆ, ಬಟನ್ ಪೂರ್ತಿ. ಉಗುರಿನಿಂದ ಬಟನ್ನಿನ ಅಂಚು ಒತ್ತಿ ನೋಡಿ. ಹೊಸ ಟೈರಾದ್ರೆ ಉಗುರು ಕಚ್ಚಿ ಗುರುತು ಬಿದ್ದು ನಿಧಾನಕ್ಕೆ ಮಾಯ ಆಗುತ್ತೆ. ನಿಮ್ಮದರಲ್ಲಿ ಉಗುರು ಜಾರುತ್ತೆ, ಬರೆದಿಟ್ಟುಕೊಳ್ಳಿ. ಸಾಧನದಲ್ಲೇ ನೋಡಬೇಕಂದ್ರೆ ರಬ್ಬರಿನ ಗಟ್ಟಿತನ ಅಳೆಯೋ ಶೋರ್ ಎ ಡ್ಯುರೋಮೀಟರ್ ತಗೊಳ್ಳಿ. ಅದೇ ಮಾದರಿಯ ಹೊಸ ಟೈರನ್ನೂ ನಿಮ್ಮದನ್ನೂ ಒಂದೇ ತಾಪಮಾನದಲ್ಲಿ ಅಳೀರಿ. ಬಿಸಿಲಿನಲ್ಲಿ ನಿಂತ ಟೈರು ಮೆತ್ತಗೆ ತೋರಿಸಿ ಮೋಸ ಮಾಡುತ್ತೆ. ಎಂಟು ಹತ್ತು ಅಂಕ ಜಾಸ್ತಿ ಬಂದ್ರೆ ಆ ಟೈರು ಕಾರನ್ನ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಸಾಗಿಸೋಕೆ ಮಾತ್ರ ಲಾಯಕ್ಕು.

ಪೋರ್ಷೆ ತನ್ನ ಕಾರುಗಳಿಗೆ ಆರು ವರ್ಷ ಅಂತ ಗೆರೆ ಹಾಕಿದೆ, ಬಟನ್ ಎಷ್ಟೇ ಇರಲಿ. ಈ ಕಾರಿನಲ್ಲಂತೂ ಅದನ್ನ ಅಕ್ಷರಶಃ ಪಾಲಿಸಬೇಕು. 612 ಕುದುರೆಶಕ್ತಿಯ 5.7 ಲೀಟರ್ ವಿ10 ಎಂಜಿನ್ ನಡುವಿನಲ್ಲಿ ಕೂತಿದೆ. ಎಬಿಎಸ್ ಇದೆ, ಟ್ರ್ಯಾಕ್ಷನ್ ಕಂಟ್ರೋಲ್ ಇದೆ, ಆದರೆ ಜಾರಿದ ಕಾರನ್ನ ನೇರ ಮಾಡೋ ಸ್ಟೆಬಿಲಿಟಿ ಕಂಟ್ರೋಲ್ ಇಲ್ಲ. ಭಾರವೆಲ್ಲ ನಡುವೆ ಇರೋದ್ರಿಂದ ತಿರುಗೋಕೆ ಶುರುವಾದ್ರೆ ಬುಗುರಿ ಥರ ತಿರುಗುತ್ತೆ, ಹಿಡಿಯೋಕೆ ಸಮಯ ಸಿಗಲ್ಲ. 2013ರ ನವೆಂಬರಿನಲ್ಲಿ ನಟ ಪಾಲ್ ವಾಕರ್ ತೀರಿಕೊಂಡ ಅಪಘಾತದಲ್ಲಿ ಇದ್ದದ್ದು ಇದೇ ಮಾದರಿ. ತನಿಖೆ ಅತಿವೇಗವೇ ಕಾರಣ ಅಂದಿತು. ಟೈರು ಒಂಬತ್ತು ವರ್ಷ ಹಳೇದು ಅನ್ನೋದನ್ನೂ ಅದರಲ್ಲಿ ದಾಖಲಿಸಿದ್ದಾರೆ. ನಿಮ್ಮದು ಅದಕ್ಕಿಂತ ಹಳೇದು.

ಟೈರು ಈ ಕಾರಿಗೆ ಏನು ಮಾಡುತ್ತೆ ಅನ್ನೋದಕ್ಕೆ 2024ರಲ್ಲಿ ಪೋರ್ಷೆಯೇ ಉತ್ತರ ಕೊಟ್ಟಿದೆ. ಮಿಶೆಲಿನ್ ಜೊತೆ ಸೇರಿ ಈ ಕಾರಿಗೆ ಅಂತಲೇ ಪೈಲಟ್ ಸ್ಪೋರ್ಟ್ ಕಪ್ 2 ಮಾಡಿಸಿ, ರೇಸ್ ಚಾಲಕ ಯೋರ್ಗ್ ಬೆರ್ಗ್‌ಮೈಸ್ಟರ್ ಕೈಯಲ್ಲಿ ಜರ್ಮನಿಯ ನೂರ್ಬುರ್ಗ್‌ರಿಂಗ್ ನಾರ್ಡ್‌ಶ್ಲೈಫೆ ಟ್ರ್ಯಾಕ್ ಸುತ್ತಿಸಿದರು. 7 ನಿಮಿಷ 12.69 ಸೆಕೆಂಡ್. ಇಪ್ಪತ್ತು ವರ್ಷದ ಹಿಂದೆ ಇದೇ ಕಾರು ತಗೊಂಡ ಸಮಯದಲ್ಲಿ 15 ಸೆಕೆಂಡಿಗಿಂತ ಜಾಸ್ತಿ ಉಳಿತಾಯ. ಅಷ್ಟು ಸೆಕೆಂಡನ್ನ ಎಂಜಿನ್ನಿನಲ್ಲಿ ಹುಡುಕೋಕೆ ಹೋದ್ರೆ ಎಷ್ಟು ಖರ್ಚಾಗುತ್ತೆ ಅಂತ ಯೋಚಿಸಿ. ಎಕ್ಸಾಸ್ಟ್ ಬದಲಾಯಿಸಲಾ ಅಂತ ಹೋದ ವಾರ ಕೇಳಿದ್ರಲ್ಲ, ಆ ದುಡ್ಡು ಇಲ್ಲಿ ಹಾಕಿ.

ಸೈಜು ಮೊದಲಿನದೇ: ಮುಂದೆ 265/35 ಝಡ್‌ಆರ್ 19, ಹಿಂದೆ 335/30 ಝಡ್‌ಆರ್ 20 (ಮೊದಲ ಸಂಖ್ಯೆ ಮಿ.ಮೀ.ನಲ್ಲಿ ಅಗಲ, ಎರಡನೆಯದು ಪಕ್ಕದ ಗೋಡೆಯ ಎತ್ತರ ಅಗಲದ ಶೇಕಡಾ ಎಷ್ಟು ಅಂತ, ಕೊನೆಯದು ಇಂಚಿನಲ್ಲಿ ರಿಮ್). ಪಕ್ಕದಲ್ಲಿ, ಪೋರ್ಷೆ ಒಪ್ಪಿದ ಟೈರು ಅನ್ನೋ ಎನ್ ಗುರುತು ಇರಲೇಬೇಕು. "ಅದೇ ಸೈಜಿನದು ಬೇರೆ ಸೂಪರ್‌ಕಾರಿಗೆ ಮಾಡಿದ್ದು ಅರ್ಧ ಬೆಲೆಗೆ ಸಿಗುತ್ತೆ" ಅನ್ನೋರ ಮಾತು ಕೇಳಬೇಡಿ. ಬ್ರ್ಯಾಂಡ್ ಒಂದೇ, ಹೆಸರು ಒಂದೇ ಇದ್ರೂ ಒಳಗಿನ ಕಟ್ಟು, ರಬ್ಬರಿನ ಮಿಶ್ರಣ ಬೇರೆ ಇರುತ್ತೆ. 275 ಮುಂದೆ, 325 ಹಿಂದೆ ಹಾಕಿ ಅಂತ ಯಾರಾದ್ರೂ ಸಲಹೆ ಕೊಟ್ರೆ ಅದಂತೂ ಬೇಡವೇ ಬೇಡ. ಮೂಲ ಸೈಜಿನಲ್ಲಿ ಮುಂದಿನ ಟೈರಿನ ವ್ಯಾಸ ಸುಮಾರು 668 ಮಿ.ಮೀ., ಹಿಂದಿನದು 709. ಹಿಂದಿನದು ಶೇಕಡಾ 6ರಷ್ಟು ದೊಡ್ಡದು. 275/35, 325/30 ಹಾಕಿದ್ರೆ 675, 703 ಆಗಿ ವ್ಯತ್ಯಾಸ 4ಕ್ಕೆ ಇಳಿಯುತ್ತೆ. ಟ್ರ್ಯಾಕ್ಷನ್ ಕಂಟ್ರೋಲ್ ಮುಂದಿನ ಹಿಂದಿನ ಚಕ್ರಗಳ ವೇಗ ಹೋಲಿಸಿಯೇ ಕೆಲಸ ಮಾಡೋದು. ಅದರ ಲೆಕ್ಕ ತಪ್ಪುತ್ತೆ, ಕಾರಿನ ಎತ್ತರವೂ ಮುಂದೆ ಏರಿ ಹಿಂದೆ ಇಳಿಯುತ್ತೆ. ನಾಲ್ಕೂ ಒಟ್ಟಿಗೆ ಬದಲಾಯಿಸಿ. ಮುಂದೆ ಹೊಸದು ಹಿಂದೆ ಹಳೇದು ಅಂದ್ರೆ ಮುಂಭಾಗ ಕಚ್ಚುತ್ತೆ, ಹಿಂಭಾಗ ಬಿಡುತ್ತೆ. ಸ್ಪಿನ್ನಿಗೆ ಅದಕ್ಕಿಂತ ಒಳ್ಳೇ ದಾರಿ ಇಲ್ಲ.

ಬ್ರ್ಯಾಂಡ್ ಬಗ್ಗೆ ನನ್ನ ಅಭಿಪ್ರಾಯ ಕೇಳಿದ್ರಿ. ಪಿರೆಲ್ಲಿ ಟ್ರೋಫಿಯೋ ಆರ್ ಒಂದೆರಡು ಲ್ಯಾಪಿಗೆ ರಾಜ, ಆಮೇಲೆ ಬೇಗ ಸುಸ್ತಾಗುತ್ತೆ. ಕಪ್ 2 ಇಪ್ಪತ್ತು ನಿಮಿಷದ ಸೆಷನ್ ಪೂರ್ತಿ ಒಂದೇ ಥರ ಮಾತಾಡುತ್ತೆ. ಕಾರು ಕಲೀತಾ ಇರೋರಿಗೆ ಅದೇ ಬೇಕು. ನೀವು ಟ್ರ್ಯಾಕಿಗೆ ಹೋಗಲ್ಲ, ರಸ್ತೆ ಮಾತ್ರ ಅನ್ನೋದಾದ್ರೆ ಮಿಶೆಲಿನ್‌ನ ಪೈಲಟ್ ಸೂಪರ್ ಸ್ಪೋರ್ಟ್ ಎನ್ ಗುರುತಿನದು ಸಾಕಿತ್ತು, ಆದರೆ ಅದರ ತಾರೀಖನ್ನೂ ನೋಡಿ ತಗೋಬೇಕು, ಗೋದಾಮಿನಲ್ಲಿ ಕೂತ ಮಾಲು ಇರುತ್ತೆ.

ಕೂರಿಸೋವಾಗ: ರಿಮ್ ಫೋರ್ಜ್ ಮಾಡಿದ ಮೆಗ್ನೀಷಿಯಂ. ಬಣ್ಣ ಕಿತ್ತ ಜಾಗದಲ್ಲಿ ತುಕ್ಕು ಶುರುವಾಗುತ್ತೆ, ಅದಕ್ಕೆ ರಿಮ್ಮಿಗೆ ಲೋಹ ತಾಗದ ಮೆಷಿನ್ ಇರೋ ಅಂಗಡಿಗೇ ಕೊಡಿ. ಬ್ಯಾಲೆನ್ಸಿಂಗಿಗೆ ಹೊಡೆದು ಕೂರಿಸೋ ತೂಕ ಬೇಡ, ಅಂಟಿಸೋದು ಮಾತ್ರ. ಚಕ್ರ ತೆಗೆಯೋವಾಗ ರಿಮ್ಮಿನ ಒಳಅಂಚು ಸೆರಾಮಿಕ್ ಡಿಸ್ಕಿಗೆ ಬಡಿದು ಅಂಚು ಸಿಡಿದ್ರೆ ಹೊಸ ಡಿಸ್ಕೇ ಗತಿ, ಇಬ್ಬರು ಹಿಡಿದು ನೇರವಾಗಿ ಎಳೀಬೇಕು. ಸೆಂಟರ್‌ಲಾಕ್ ನಟ್ಟುಗಳು (ಚಕ್ರದ ನಡುವಿನ ಒಂದೇ ದೊಡ್ಡ ನಟ್ಟು) ಕಾರಿನ ಒಂದು ಪಕ್ಕ ಕೆಂಪು, ಇನ್ನೊಂದು ಪಕ್ಕ ನೀಲಿ. ಅದಲು ಬದಲು ಮಾಡಬೇಡಿ. ಟಾರ್ಕ್ ಎಷ್ಟು, ಗ್ರೀಸ್ ಎಲ್ಲಿ ಅನ್ನೋದು ಮ್ಯಾನುಯಲ್ಲಿನಲ್ಲಿದೆ, ಅದೇ ವೇದ. ಒಬ್ಬರು ಬ್ರೇಕ್ ಒತ್ತಿ ಹಿಡೀಲಿ, ಇನ್ನೊಬ್ಬರು ದೊಡ್ಡ ಟಾರ್ಕ್ ವ್ರೆಂಚಿನಲ್ಲಿ ಬಿಗೀಲಿ. ಇಂಪ್ಯಾಕ್ಟ್ ಗನ್ ಹಿಡಿದು ಬಂದವನನ್ನ ಹತ್ತಿರ ಬಿಡಬೇಡಿ.

ಹೊಸ ಟೈರು ಹಾಕಿದ ದಿನವೇ ಟ್ರ್ಯಾಕಿಗೆ ಬೇಡ. ಅಚ್ಚಿನಿಂದ ಬಿಡಿಸೋಕೆ ಹಚ್ಚಿದ ಜಾರು ಪದಾರ್ಥ ಮೇಲೆ ಇರುತ್ತೆ. 150-200 ಕಿ.ಮೀ. ಶಾಂತವಾಗಿ ಓಡಿಸಿ. ಆಮೇಲೆ ಒಮ್ಮೆ ನಿಧಾನಕ್ಕೆ ಚೆನ್ನಾಗಿ ಕಾಯಿಸಿ ಒಂದು ದಿನ ಪೂರ್ತಿ ತಣ್ಣಗಾಗೋಕೆ ಬಿಟ್ಟರೆ ಟ್ರ್ಯಾಕಿನ ಶಾಖಕ್ಕೆ ಚೆನ್ನಾಗಿ ತಡೆದುಕೊಳ್ಳುತ್ತೆ.

ಈಗ ಗಾಳಿ. ಎಲ್ಲರೂ ತಪ್ಪು ಮಾಡೋದು ಇಲ್ಲೇ. ಟ್ರ್ಯಾಕಿನಲ್ಲಿ ತಣ್ಣಗಿನ ಪ್ರೆಷರ್ ಅನ್ನೋದು ಶುರುವಿನ ಅಂದಾಜು ಮಾತ್ರ, ಗುರಿ ಇಡಬೇಕಾದ್ದು ಬಿಸಿ ಪ್ರೆಷರಿಗೆ. ಗೇಜಿನ ಓದಿಗೆ ವಾತಾವರಣದ 14.7 ಸೇರಿಸಿ, ತಾಪಮಾನಕ್ಕೆ 273 ಸೇರಿಸಿ, ಅನುಪಾತ ಹಾಕಿ. 20 ಡಿಗ್ರಿಯಲ್ಲಿ 36 ಪಿಎಸ್‌ಐ ಹಾಕಿ ಇಳಿದ್ರೆ ಒಳಗಿನ ಗಾಳಿ 75 ಡಿಗ್ರಿ ಆದಾಗ 45 ದಾಟಿರುತ್ತೆ. ಟೈರು ಬಲೂನಿನ ಥರ ಉಬ್ಬಿ ನಡುವಿನ ಪಟ್ಟಿ ಮಾತ್ರ ನೆಲ ಮುಟ್ಟುತ್ತೆ. 335 ಅಗಲದ ಟೈರು ಹಾಕಿ 200 ಅಗಲದ ಕೆಲಸ ತಗೊಂಡ ಹಾಗೆ. 28ರಿಂದ ಶುರು ಮಾಡಿದ್ರೆ ಅದೇ ಶಾಖದಲ್ಲಿ 36. ನಾನು ಕಪ್ 2ಗೆ ಬಿಸಿಯಲ್ಲಿ 32-34 ಇಟ್ಟುಕೊಂಡು ಹೊರಡೋದು, ಅಲ್ಲಿಂದ ಮುಂದೆ ಟೈರೇ ಹೇಳುತ್ತೆ.

ಕ್ರಮ ಹೀಗೆ. ಬೆಳಿಗ್ಗೆ ನೆರಳಿನಲ್ಲಿ ನಾಲ್ಕಕ್ಕೂ 28. ಒಂದು ಪಕ್ಕ ಬಿಸಿಲು ಬಿದ್ದಿದ್ರೆ ಆ ಓದು ನಂಬಬೇಡಿ. ಮೂರು ಲ್ಯಾಪ್ ಏರಿಸ್ತಾ ಹೋಗಿ, ತಣ್ಣಗಾಗಿಸೋ ನಿಧಾನದ ಸುತ್ತು (ಕೂಲ್‌ಡೌನ್ ಲ್ಯಾಪ್) ಮಾಡದೆ ನೇರ ಪಿಟ್ಟಿಗೆ ಬನ್ನಿ. ಒಂದು ನಿಮಿಷದೊಳಗೆ ನಾಲ್ಕೂ ಓದಿ, ಜಾಸ್ತಿ ಇರೋದನ್ನ 32ಕ್ಕೆ ಇಳಿಸಿ. ಮತ್ತೆ ಐದು ಲ್ಯಾಪ್, ಮತ್ತೆ ಓದಿ, ಮತ್ತೆ ಇಳಿಸಿ. ಎರಡನೇ ಸಲಕ್ಕೆ ಸಾಮಾನ್ಯವಾಗಿ ನಿಲ್ಲುತ್ತೆ. ಎಲ್ಲಾ ಸಲವೂ ಒಂದೇ ಗೇಜು. ಪೆಟ್ರೋಲ್ ಬಂಕಿನ ಗೇಜು ಎರಡು ಮೂರು ಪಿಎಸ್‌ಐ ಸುಳ್ಳು ಹೇಳುತ್ತೆ. ಪ್ರತಿ ಓದನ್ನೂ ಚೀಟಿಯಲ್ಲಿ ಬರೀರಿ: ಸಮಯ, ನೆಲದ ತಾಪ, ನಾಲ್ಕು ಸಂಖ್ಯೆ. ಲಗೂನಾ ಸೆಕಾ ಇರೋ ಮಾಂಟೆರಿ ಕಡೆ ಬೆಳಿಗ್ಗೆ ಮಂಜು, ಮಧ್ಯಾಹ್ನ ಬಿಸಿಲು. 15 ಡಿಗ್ರಿ ಏರಿದ್ರೆ ಟೈರು ಓಡದೇ 2 ಪಿಎಸ್‌ಐ ಏರಿರುತ್ತೆ.

ಪ್ರೆಷರ್ ಸರಿ ಇದೆಯಾ ಅಂತ ಗೊತ್ತಾಗೋದು ತಾಪದಿಂದ. ಇನ್‌ಫ್ರಾರೆಡ್ ಗನ್ ಹಿಡಿದು ತೋರಿಸೋರನ್ನ ನಂಬಬೇಡಿ, ಅದು ಓದೋದು ಮೇಲಿನ ಪದರ ಮಾತ್ರ, ಪಿಟ್ ಲೇನಿನಲ್ಲಿ ಬರೋಷ್ಟರಲ್ಲೇ ತಣ್ಣಗಾಗಿರುತ್ತೆ. ಸೂಜಿ ಚುಚ್ಚಿ ತಾಪ ಅಳೆಯೋ ಪೈರೋಮೀಟರ್ ತಗೊಳ್ಳಿ. ರಬ್ಬರಿನೊಳಗೆ ಮೂರು ಮಿ.ಮೀ. ಚುಚ್ಚಿ, ಒಳಅಂಚು, ನಡು, ಹೊರಅಂಚು, ಮೂರೂ ಕಡೆ ಓದಿ. ನಡು ಜಾಸ್ತಿ ಬಿಸಿ ಅಂದ್ರೆ ಗಾಳಿ ಜಾಸ್ತಿ. ಎರಡೂ ಅಂಚು ಬಿಸಿ, ನಡು ತಂಪು ಅಂದ್ರೆ ಗಾಳಿ ಕಡಿಮೆ. ಒಳಅಂಚು ಹೊರಗಿಗಿಂತ ಐದರಿಂದ ಹತ್ತು ಡಿಗ್ರಿ ಜಾಸ್ತಿ ಇದ್ರೆ ಕ್ಯಾಂಬರ್ (ಚಕ್ರ ಒಳಕ್ಕೆ ವಾಲಿರೋ ಕೋನ) ಸರಿ ಇದೆ. ಹೊರಅಂಚೇ ಜಾಸ್ತಿ ಸುಡ್ತಿದ್ರೆ ಕ್ಯಾಂಬರ್ ಸಾಲದು. ಗಾಳಿ ಇಳಿಸಿ ಅದನ್ನ ಸರಿ ಮಾಡೋಕೆ ಹೋಗಬೇಡಿ.

ಲಗೂನಾ ಸೆಕಾದಲ್ಲಿ ಇನ್ನೊಂದು ಪೆಟ್ಟಿದೆ. ಸರ್ಕ್ಯೂಟ್ ಅಪ್ರದಕ್ಷಿಣೆಯಾಗಿ ಸುತ್ತೋದು, ಭಾರವೆಲ್ಲ ಬಲಗಡೆ ಟೈರುಗಳ ಮೇಲೆ. ಮೊದಲ ದೊಡ್ಡ ತಿರುವು ಅಂದ್ರೆ ಎರಡನೇ ನಂಬರಿನದು, ಎಡಕ್ಕೆ ಮಡಚಿಕೊಳ್ಳೋ ಹೇರ್‌ಪಿನ್. ಅಲ್ಲಿ ಬಲಗಡೆ ಟೈರು ಕಾದು ಹಿಡಿತ ಸಿಕ್ಕಿತು ಅನ್ನಿಸುತ್ತೆ. ಮುಂದಿನ ಮೂರನೇ, ನಾಲ್ಕನೇ ನಂಬರಿನವು ಬಲತಿರುವು, ಅಲ್ಲಿ ಕೆಲಸ ಮಾಡಬೇಕಾದ್ದು ಎಡಗಡೆ ಟೈರು, ಅದು ಇನ್ನೂ ತಣ್ಣಗಿರುತ್ತೆ. "ಎರಡು ಲ್ಯಾಪ್ ಕಾಯಿಸಿ ಬಿಡ್ತೀನಿ" ಅನ್ನೋ ಲೆಕ್ಕ ಕೈ ಕೊಡೋದು ಇಲ್ಲಿ. ಎಡಗಡೆಗೆ ಅಂತ ಒಂದೆರಡು ಲ್ಯಾಪ್ ಜಾಸ್ತಿ ಕೊಡಿ. ಬಿಸಿ ಪ್ರೆಷರ್ ಸಮ ಬರಬೇಕಾದ್ರೆ ಎಡಗಡೆ ತಣ್ಣಗಿನ ಪ್ರೆಷರ್ 1-2 ಪಿಎಸ್‌ಐ ಮೇಲೇ ಇಡಬೇಕಾಗುತ್ತೆ. ಸ್ಟೀರಿಂಗ್ ಅತ್ತಿತ್ತ ಆಡಿಸಿ ಟೈರು ಕಾಯಿಸೋದು ಬರೀ ತೋರಿಕೆ. ನೇರದಲ್ಲಿ ಗಟ್ಟಿಯಾಗಿ ಬ್ರೇಕ್ ಒತ್ತಿ, ಮತ್ತೆ ಏರಿಸಿ, ಆಗ ಶಾಖ ಒಳಗಿಳಿಯುತ್ತೆ.

ಮರೆಯೋದು ಯಾವುದು ಗೊತ್ತಾ? ಮನೆಗೆ ವಾಪಸ್ ಹೊರಡೋವಾಗ ಗಾಳಿ ತುಂಬೋದು. ಬಿಸಿಯಲ್ಲಿ 32ಕ್ಕೆ ಇಳಿಸಿದ ಟೈರು ತಣ್ಣಗಾದಾಗ 24-25ರಲ್ಲಿ ನಿಂತಿರುತ್ತೆ. ಹಾಗೇ ಹೆದ್ದಾರಿಗೆ ಹೋದ್ರೆ ಪಕ್ಕದ ಗೋಡೆ ಬಗ್ಗಿ ಬಗ್ಗಿ ಒಳಗೇ ಬೇಯುತ್ತೆ. ಪ್ಯಾಡಕ್ಕಿನಲ್ಲಿ (ಟ್ರ್ಯಾಕಿನ ಪಕ್ಕ ಕಾರು ನಿಲ್ಲಿಸೋ ಜಾಗ) ಚಿಕ್ಕ ಕಂಪ್ರೆಸರ್ ಇರಲಿ, ಮ್ಯಾನುಯಲ್ಲಿನ ರಸ್ತೆ ಪ್ರೆಷರಿಗೆ ತುಂಬಿಯೇ ಗೇಟು ದಾಟಿ. ನೈಟ್ರೋಜನ್ ಬಗ್ಗೆ ಹೇಳಿದವರಿಗೆ: ಅದು ಕೂಡ ಗಾಳಿಯಷ್ಟೇ ಹಿಗ್ಗುತ್ತೆ. ವ್ಯತ್ಯಾಸ ತರೋದು ಕಂಪ್ರೆಸರಿನಲ್ಲಿರೋ ತೇವ. ಒಣಗಿದ ಗಾಳಿ ಸಿಕ್ಕರೆ ಅದೇ ಸಾಕು, ನೈಟ್ರೋಜನ್ ಹಾಕಿಸಿದ್ರೂ ಅಳತೆ ತಪ್ಪಿಸೋ ಹಾಗಿಲ್ಲ.

ಟೈರಿಗೂ ಮೊದಲು ನೋಡಬೇಕಾದ್ದೊಂದಿದೆ. 2023ರಲ್ಲಿ ಅಮೆರಿಕದ 489 ಕರೇರಾ ಜಿಟಿಗಳಿಗೆ ಸಸ್ಪೆನ್ಷನ್ ವಿಶ್‌ಬೋನಿನ (ಚಕ್ರ ಹಿಡಿಯೋ ತೋಳು) ಗೋಲಿ ಜಾಯಿಂಟಿನ ರೀಕಾಲ್ (ಕಂಪನಿಯೇ ಕಾರು ಕರೆಸಿ ರಿಪೇರಿ ಮಾಡೋದು) ಬಂತು, ರಿಪೇರಿ ಆಗೋ ತನಕ ಓಡಿಸಲೇಬೇಡಿ ಅಂತ ಪೋರ್ಷೆ ಹೇಳಿತ್ತು. ನಿಮ್ಮ ಚಾಸಿ ನಂಬರ್ ಕೊಟ್ಟು ಆ ಕೆಲಸ ಮುಗಿದಿದೆಯಾ ಅಂತ ಕಾಗದದ ಮೇಲೆ ತಗೊಳ್ಳಿ. ಹಿಂದಿನ ಮಾಲೀಕರ ಬಾಯಿಮಾತು ಸಾಲದು. ಹಿಡಿತ ಜಾಸ್ತಿ ಇರೋ ಹೊಸ ಟೈರು ಅದೇ ಜಾಯಿಂಟುಗಳ ಮೇಲೆ ಜಾಸ್ತಿ ಭಾರ ಹಾಕುತ್ತೆ. ಜೊತೆಗೆ ಲಗೂನಾದಲ್ಲಿ ಶಬ್ದದ ಮಿತಿ ದಿನಕ್ಕೊಂದು ಥರ, ನಿಮ್ಮ ದಿನದ್ದು ಎಷ್ಟು ಡೆಸಿಬಲ್ ಅಂತ ದುಡ್ಡು ಕಟ್ಟೋ ಮೊದಲು ಕೇಳಿ.

ಚಳಿಗಾಲದಲ್ಲಿ ಕಾರು ನಿಲ್ಲಿಸೋವಾಗ ಗಾಳಿ ಸ್ವಲ್ಪ ಜಾಸ್ತಿ ಇಡಿ, ಪಕ್ಕದಲ್ಲಿ ಬರೆದ ಗರಿಷ್ಠ ಮೀರದ ಹಾಗೆ. ಆಗ ನಿಂತ ಜಾಗದಲ್ಲಿ ಚಪ್ಪಟೆ ಬೀಳೋದು ಕಡಿಮೆ. ವಿದ್ಯುತ್ ಮೋಟಾರ್ ಇರೋ ಸಾಧನಗಳನ್ನ ಟೈರಿನ ಪಕ್ಕ ಇಡಬೇಡಿ, ಅವುಗಳಲ್ಲಿ ಕೆಲವು ಓಝೋನ್ ಬಿಡುತ್ತೆ. ಟೈರಿಗೆ ಹೊಳಪಿನ ಎಣ್ಣೆ ಬಳಿಯೋದು ಇವತ್ತೇ ನಿಲ್ಲಿಸಿ, ಫೋಟೋದಲ್ಲಿ ಕಾಣಿಸ್ತಿದೆ.

ಹೊಸ ಸೆಟ್ ಬಂದ ದಿನ ರಿಮ್ಮಿಗೆ ಹಾಕೋ ಮೊದಲು ನಾಲ್ಕರದ್ದೂ ಡಾಟ್ ಕೋಡ್ ಫೋಟೋ ಇಲ್ಲೇ ಹಾಕಿ. ವಾರದ ನಂಬರ್ ಪೂರ್ತಿ ಇರೋದು ಒಂದು ಪಕ್ಕ ಮಾತ್ರ, ಕಾಣಿಸದಿದ್ರೆ ತಿರುಗಿಸಿ ನೋಡಿ. ಒಂದು ಜೋಡಿಯಲ್ಲಿ ಎರಡು ಟೈರಿಗೆ ಒಂದು ವರ್ಷದ ಅಂತರ ಇದ್ರೆ ವಾಪಸ್ ಕಳಿಸಿ. ತಣ್ಣಗಿನ ಪ್ರೆಷರ್ ಎಡಕ್ಕೆ ಎಷ್ಟು, ಬಲಕ್ಕೆ ಎಷ್ಟು ಅನ್ನೋದನ್ನ ಆ ವಾರದ ಹವಾಮಾನ ನೋಡಿಕೊಂಡು ಲೆಕ್ಕ ಹಾಕೋಣ.