ಓದುಗರ ಪ್ರಶ್ನೆ, ನಮ್ಮ ಉತ್ತರ: ‘ಎಳಿ’ ಅನ್ನುವ ಮೊದಲು

ಪ್ರಶ್ನೆ: ವಾಟರ್ ಸ್ಕೀ (ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಂಡು, ಬೋಟು ಎಳೆಯುವ ಹಗ್ಗ ಹಿಡಿದು ನೀರಿನ ಮೇಲೆ ಜಾರುವ ಆಟ) ಕಲಿಯುತ್ತಿದ್ದೇನೆ. ನಾನು ‘ಸ್ಲೋ’ ಎಂದು ಕೂಗಿದ್ದು ಬೋಟಿನವರಿಗೆ ‘ಗೋ’ ಎಂದು ಕೇಳಿಸುತ್ತದೆ. ಸ್ಕೀ ನೆಟ್ಟಗಾಗುವ ಮೊದಲೇ ಎಳೆದುಬಿಡುತ್ತಾರೆ, ಮುಗ್ಗರಿಸುತ್ತೇನೆ. ಯಾವ ಮಾತು ಬಳಸಬೇಕು?
– ಓದುಗರು, ಕುಶಾಲನಗರ

ಉತ್ತರ: ಎಳೆಯುವ ಹಗ್ಗ ಸಾಮಾನ್ಯವಾಗಿ 75 ಅಡಿ, ಅಂದರೆ ಸುಮಾರು 23 ಮೀಟರ್ ಇರುತ್ತದೆ. ಅಷ್ಟು ದೂರದಿಂದ, ಎಂಜಿನ್ ಸದ್ದಿನ ನಡುವೆ, ಮಾತಿನ ಸ್ವರ ಮಾತ್ರ ಮುಟ್ಟುತ್ತದೆ, ಉಳಿದದ್ದು ಅಳಿಸಿಹೋಗುತ್ತದೆ. ‘ಗೋ’, ‘ನೋ’, ‘ಸ್ಲೋ’ ಮೂರೂ ಚಾಲಕರ ಕಿವಿಗೆ ಬರೀ ‘ಓ’. ಕನ್ನಡದಲ್ಲೂ ಇದೇ ತೊಡಕು: ‘ಎಳಿ’, ‘ತಾಳಿ’ ಎರಡೂ ‘ಳಿ’ ಎಂದೇ ಮುಗಿಯುತ್ತವೆ. ಬಸ್ ಕಂಡಕ್ಟರರ ‘ರೈಟ್’ ಬಾಯಿಗೆ ಸುಲಭವಾಗಿ ಬರುತ್ತದೆ, ಆದರೆ ಚಾಲಕರು ಅದನ್ನು ‘ಬಲಕ್ಕೆ ತಿರುಗಿಸಿ’ ಎಂದು ತಿಳಿಯಬಹುದು. ಹೊರಡಲು ‘ಎಳಿ’, ತಡೆಯಲು ‘ಬೇಡ’, ಈ ಎರಡೇ ಸಾಕು. ತರಬೇತುದಾರರು ಹೊರದೇಶದ ವಾಡಿಕೆಯಂತೆ ‘ಹಿಟ್ ಇಟ್’ ಕಲಿಸಿದ್ದರೆ ‘ಎಳಿ’ ಬದಲು ಅದನ್ನೇ ಇಟ್ಟುಕೊಳ್ಳಿ. ಯಾವುದಾದರೂ ಸರಿ, ನೀರಿಗಿಳಿಯುವ ಮೊದಲು ದಡದಲ್ಲೇ ಚಾಲಕರ ಜೊತೆ ಮಾತಾಡಿಕೊಳ್ಳಿ. ಕೇಳಿಸಿದ್ದರಲ್ಲಿ ಅನುಮಾನ ಬಂದರೆ ಚಾಲಕರು ಥ್ರಾಟಲ್ (ವೇಗ ಏರಿಸುವ ಹಿಡಿ) ಮುಟ್ಟುವುದಿಲ್ಲ ಎಂಬ ಒಪ್ಪಂದವೂ ಆಗಲೇ ಆಗಬೇಕು.

ಆದರೆ ನಿಮ್ಮ ತೊಂದರೆ ಮಾತಿನದಷ್ಟೇ ಅಲ್ಲ, ಕ್ರಮದ್ದೂ ಹೌದು. ‘ಸ್ಲೋ’ ಎಂದು ಕೂಗಬೇಕಾಗಿ ಬಂದಿದೆ ಎಂದರೆ ಹಗ್ಗ ಬಿಗಿ ಮಾಡುವ ಹಂತವನ್ನೇ ನೀವಿಬ್ಬರೂ ಹಾರಿಸಿದ್ದೀರಿ. ಮೊದಲು ಬೋಟು ನ್ಯೂಟ್ರಲ್‌ನಲ್ಲಿರಲಿ. ನೀವು ಮಂಡಿ ಎದೆಗೆ ತಂದು, ಕೈ ನೀಡಿ ಹಿಡಿಕೆ ಹಿಡಿದು, ಸ್ಕೀಗಳ ಮೂತಿಯನ್ನು ನೀರಿನಿಂದ ಒಂದು ಅಡಿಯಷ್ಟು ಮೇಲಿಟ್ಟುಕೊಳ್ಳಿ. ಹಗ್ಗ ಎರಡು ಸ್ಕೀಗಳ ನಡುವೆ ಬರಬೇಕು. ಬೋಟಿನಿಂದ ‘ಸಿದ್ಧವೇ’ ಎಂದು ಕೈ ಎತ್ತಿದಾಗ ತಲೆಯಾಡಿಸಿ. ಆಗ ಚಾಲಕರು ಗೇರ್ ಹಾಕಿ, ಥ್ರಾಟಲ್ ಕೊಡದೆ, ಬೋಟನ್ನು ಮೆಲ್ಲನೆ ತೆವಳಿಸುತ್ತಾರೆ. ಹಗ್ಗ ಬಿಗಿಯಾಗಿ ನಿಮ್ಮನ್ನು ಎಳೆಯತೊಡಗಿದಾಗ ಓಲಾಡುತ್ತಿದ್ದ ಸ್ಕೀಗಳು ತಾವಾಗಿ ನೇರವಾಗುತ್ತವೆ. ನೇರವಾದ ಮೇಲೆಯೇ ‘ಎಳಿ’. ಅಡ್ಡ ತಿರುಗಿದರೆ ‘ಬೇಡ’ ಎಂದು ಕೂಗಿ ಹಿಡಿಕೆಯನ್ನೇ ಬಿಟ್ಟುಬಿಡಿ. ಅದಕ್ಕಿಂತ ಸ್ಪಷ್ಟವಾದ ಸಂದೇಶ ಇನ್ನೊಂದಿಲ್ಲ.

‘ಎಳಿ’ ಕೇಳಿದ ಚಾಲಕರು ಒಂದೇಟಿಗೆ ಥ್ರಾಟಲ್ ಒತ್ತಬಾರದು, ಮೂರು–ನಾಲ್ಕು ಸೆಕೆಂಡಿನಲ್ಲಿ ಸಮನಾಗಿ ಏರಿಸಬೇಕು. ಎರಡು ಸ್ಕೀಯಲ್ಲಿ ಕಲಿಯುವ ದೊಡ್ಡವರಿಗೆ ಗಂಟೆಗೆ 25ರಿಂದ 32 ಕಿ.ಮೀ. ಸಾಕು, ಮಕ್ಕಳಿಗೆ ಇನ್ನೂ ಕಡಿಮೆ. ಥಟ್ಟನೆ ಎಳೆದರೆ ಮುಂದಕ್ಕೆ ಮಗುಚುತ್ತೀರಿ. ತೀರಾ ನಿಧಾನವಾದರೆ ನೀರು ಕುಡಿಯುತ್ತಾ ಎಳೆದಾಡಿಸಿಕೊಳ್ಳುತ್ತೀರಿ. ಹೊಸಬರು ತಾವೇ ತೋಳು ಮಡಚಿ ಹಗ್ಗ ಎಳೆದುಕೊಂಡು ಬೇಗ ಏಳಲು ನೋಡುತ್ತಾರೆ, ಅದರಿಂದಲೂ ಬೀಳುವುದು ಖಂಡಿತ. ಎತ್ತುವ ಕೆಲಸ ಬೋಟಿನದು.

ಪ್ರಶ್ನೆ: ಬರಪೊಳೆಯಲ್ಲಿ ರಾಫ್ಟಿಂಗ್ ಹೋಗುವಾಗ ಗೈಡ್ ಹೇಳಿದಂತೆ ಎಲ್ಲರೂ ಹುಟ್ಟು ಹಾಕುತ್ತೇವೆ. ಸ್ಕೀಯಲ್ಲಿ ಮಾತು ಯಾರದು ನಡೆಯಬೇಕು? ಬೋಟಿನಲ್ಲಿ ಮೂರನೆಯವರು ಬೇಕೇ?
– ಓದುಗರು, ವಿರಾಜಪೇಟೆ

ಉತ್ತರ: ಹೊರಡುವ ಮಾತು ನೀರಿನಲ್ಲಿರುವವರದು ಮಾತ್ರ. ನಿಲ್ಲಿಸುವ ಮಾತನ್ನು ಯಾರು ಬೇಕಾದರೂ ಹೇಳಬಹುದು. ರಾಫ್ಟಿನಲ್ಲಿ ಗೈಡ್ ನಿಮ್ಮ ಜೊತೆಯಲ್ಲೇ ಇರುತ್ತಾರೆ. ಇಲ್ಲಿ ಚಾಲಕರು ಮುಂದೆ ನೋಡುತ್ತಿರುತ್ತಾರೆ, ನೀವು ಅವರ ಬೆನ್ನ ಹಿಂದೆ. ಅದಕ್ಕೇ ಮೂರನೆಯವರು ಬೇಕೇ ಬೇಕು. ಇವರು ಹಿಂದಕ್ಕೆ ಮುಖ ಮಾಡಿ ಕುಳಿತು, ನಿಮ್ಮ ಮೇಲಿನ ಕಣ್ಣು ಕೀಳದೆ, ಕಂಡದ್ದನ್ನು ಮಾತ್ರ ಚಾಲಕರಿಗೆ ದಾಟಿಸಬೇಕು. ಬೋಟಿನಲ್ಲಿ ಕೂತ ಮಕ್ಕಳು ಹುಮ್ಮಸ್ಸಿನಿಂದ ‘ಎಳಿ ಎಳಿ’ ಎನ್ನುವುದನ್ನು ಕಟ್ಟುನಿಟ್ಟಾಗಿ ತಡೆಯಿರಿ.

ಎದ್ದು ನಿಂತ ಮೇಲೆ ಕೈಸನ್ನೆಗಳೇ ಭಾಷೆ. ಹೆಬ್ಬೆರಳು ಮೇಲೆ: ವೇಗ ಹೆಚ್ಚಿಸಿ. ಕೆಳಗೆ: ಕಡಿಮೆ ಮಾಡಿ. ಹೆಬ್ಬೆರಳು–ತೋರುಬೆರಳಿನ ಉಂಗುರ: ಇದೇ ವೇಗ ಇರಲಿ. ಕತ್ತಿನ ಅಡ್ಡ ಕೈ: ನಿಲ್ಲಿಸಿ. ತಲೆ ತಟ್ಟಿದರೆ ದಡಕ್ಕೆ ವಾಪಸ್. ಬಿದ್ದವರು ತಲೆ ಮೇಲೆ ಎರಡೂ ಕೈ ಜೋಡಿಸಿದರೆ ‘ಏನೂ ಆಗಿಲ್ಲ’ ಎಂದು. ಸನ್ನೆ ಬರದಿದ್ದರೆ ಗಾಯವಾಗಿದೆ ಎಂದೇ ತಿಳಿದು ಕೂಡಲೇ ತಿರುಗಬೇಕು. ಸುತ್ತ ಬೇರೆ ಬೋಟುಗಳಿದ್ದರೆ ಬಿದ್ದವರು ಒಂದು ಸ್ಕೀಯನ್ನು ನೆಟ್ಟಗೆ ಎತ್ತಿ ಹಿಡಿಯಬೇಕು, ಏಕೆಂದರೆ ನೀರಿನ ಮೇಲೆ ಬರೀ ತಲೆ ದೂರಕ್ಕೆ ಕಾಣುವುದಿಲ್ಲ.

ಪ್ರಶ್ನೆ: ಹಗ್ಗ ಸ್ವಲ್ಪ ಸಡಿಲವಿದ್ದರೆ ಅಂಥ ಅಪಾಯವೇನು?
– ಓದುಗರು, ಸೋಮವಾರಪೇಟೆ

ಉತ್ತರ: ಎರಡು ಮೀಟರ್ ಸಡಿಲವಿದ್ದರೂ ಅಷ್ಟರಲ್ಲಿ ಬೋಟು ವೇಗ ಹಿಡಿದಿರುತ್ತದೆ. ಆ ವೇಗವೆಲ್ಲ ಒಂದೇ ಜಗ್ಗಿನಲ್ಲಿ ಭುಜಕ್ಕೂ ಬೆರಳಿಗೂ ಬೀಳುತ್ತದೆ. ಇನ್ನೂ ಕೆಟ್ಟದ್ದು ಸುರುಳಿ. ಈ ಹಗ್ಗ ತೇಲುವಂಥದ್ದು. ಸಡಿಲವಾದರೆ ನಿಮ್ಮ ಸುತ್ತಲೇ ಸುರುಳಿಯಾಗಿ ಹರಡಿ ಮಣಿಕಟ್ಟಿಗೋ ಕತ್ತಿಗೋ ಸಿಕ್ಕಿಕೊಳ್ಳಬಹುದು, ಬಿಗಿಯಾದಾಗ ಬೆರಳನ್ನೇ ಕೊಯ್ಯಬಹುದು. ಸುರುಳಿಯೊಳಗೆ ಕೈ ಹಾಕಬೇಡಿ, ಹಿಡಿಕೆಯನ್ನು ಮೊಣಕೈಗೆ ಸಿಕ್ಕಿಸಿಕೊಳ್ಳಬೇಡಿ. ಹಗ್ಗ ನೀರಿನಲ್ಲಿರುವಾಗ ಚಾಲಕರು ರಿವರ್ಸ್ ಹಾಕಲೇಬಾರದು, ಹಗ್ಗ ಪ್ರೊಪೆಲ್ಲರಿಗೆ ಸುತ್ತಿಕೊಳ್ಳುತ್ತದೆ. ಬಿದ್ದವರನ್ನು ಹತ್ತಿಸಿಕೊಳ್ಳುವಾಗ ಚಾಲಕರ ಕಣ್ಣಿಗೆ ಕಾಣುವ ಮಗ್ಗುಲಿನಿಂದಲೇ ಹತ್ತಿರ ಬಂದು ಎಂಜಿನ್ ಪೂರ್ತಿ ಆರಿಸಬೇಕು. ನ್ಯೂಟ್ರಲ್ ಸಾಲದು.

ಪ್ರಶ್ನೆ: ಹಾರಂಗಿ ಹಿನ್ನೀರಿನಲ್ಲಿ ಸ್ನೇಹಿತರ ಬೋಟು ತಂದು ಅಭ್ಯಾಸ ಮಾಡಬಹುದೇ?
– ಓದುಗರು, ಮಡಿಕೇರಿ

ಉತ್ತರ: ಅನುಮತಿಯಿಲ್ಲದೆ ಬೇಡ. ಜಲಾಶಯ ಕಾವೇರಿ ನೀರಾವರಿ ನಿಗಮದ ಸುಪರ್ದಿಯಲ್ಲಿದೆ. ಅನುಮತಿ ಸಿಕ್ಕರೂ ಅಂದಿನ ನೀರಿನ ಮಟ್ಟ ಕೇಳಿಕೊಳ್ಳಿ: ಗರಿಷ್ಠ ಮಟ್ಟ ಸಮುದ್ರ ಮಟ್ಟದಿಂದ 2,859 ಅಡಿ, ಬೇಸಿಗೆಯಲ್ಲಿ ಬಹಳ ಇಳಿಯುತ್ತದೆ. ನೀರು ಇಳಿದ ಹಿನ್ನೀರಿನಲ್ಲಿ ಮರದ ಬುಡಗಳೂ ಬಂಡೆಗಳೂ ಮೇಲಕ್ಕೆ ಕಾಣದಷ್ಟೇ ಆಳದಲ್ಲಿರಬಹುದು. ಮೊದಲು ಸ್ಕೀಯವರಿಲ್ಲದೆ ಖಾಲಿ ಬೋಟಿನಲ್ಲಿ ನಿಧಾನವಾಗಿ ಇಡೀ ದಾರಿ ಓಡಾಡಿ, ಉದ್ದಕ್ಕೂ ಕನಿಷ್ಠ 6 ಅಡಿ ಆಳವಿದೆಯೇ ಎಂದು ಬಿದಿರಿನ ಗಳುವಿನಿಂದ ಅಳೆದು ನೋಡಿ. ಮಳೆಗಾಲದ ಕೆಂಪು ನೀರಿನಲ್ಲಿ ದಿಮ್ಮಿಗಳು ತೇಲಿಬರುತ್ತವೆ, ಆಗ ಸ್ಕೀ ಬೇಡವೇ ಬೇಡ.