ಸುಪ್ತ ಯೀಸ್ಟ್ ಕೋಶ ಬೇರ್ಪಡಿಸಲು ವೈನಿನ ಗಸಿ, ಸಕ್ಕರೆ ದ್ರಾವಣ ಸಾಕೇ?

ಸಾಲದು. ಮನೆ ವೈನಿನ ಗಸಿಯಿಂದ ಸುಪ್ತ ಕೋಶಗಳನ್ನು (ಬೆಳವಣಿಗೆ ನಿಲ್ಲಿಸಿ ಜೀವಂತವಾಗಿ ಮಲಗಿದವನ್ನು) ತೆಗೆಯಬೇಕು, ಕೋಶಗಳನ್ನು ಸಾಂದ್ರತೆಯ ಮೇಲೆ ಬೇರ್ಪಡಿಸುವ ದ್ರವವಾದ ಪರ್ಕಾಲ್ ದುಬಾರಿ, ಸಕ್ಕರೆ ದ್ರಾವಣದಲ್ಲೇ ಮುಗಿಸಬಹುದೇ ಎಂದು ಮಡಿಕೇರಿಯಿಂದ ಕೇಳಿದ್ದೀರಿ. ನನ್ನ ಎಂಎಸ್ಸಿ ಪ್ರಾಜೆಕ್ಟೂ ಇದೇ ಲೆಕ್ಕಾಚಾರದಿಂದ ಶುರುವಾಗಿತ್ತು. ಆದ್ದರಿಂದ ನೇರವಾಗಿ ಹೇಳುತ್ತೇನೆ: ಎರಡನ್ನೂ ಬಿಡಿ.

ಗಸಿಯಲ್ಲಿ ಕೂತದ್ದೆಲ್ಲ ಸುಪ್ತವಲ್ಲ. ಅಲ್ಲಿ ಸತ್ತ ಕೋಶ, ಹಣ್ಣಿನ ತಿರುಳು, ದ್ರಾಕ್ಷಿಯದಾದರೆ ಟಾರ್ಟ್ರೇಟ್ ಹರಳು, ಒಂದಕ್ಕಿಂತ ಹೆಚ್ಚು ಜಾತಿಯ ಯೀಸ್ಟ್ ಎಲ್ಲ ಬೆರೆತಿರುತ್ತವೆ. ಒಂದಕ್ಕೊಂದು ಅಂಟಿ ಗುಂಪಾದ ಕೋಶಗಳು ಹಗುರವಾಗಿದ್ದರೂ ಬೇಗ ತಳ ಸೇರುತ್ತವೆ. ಬೇಗ ಕೂರುವುದು ಬೇರೆ, ಸಾಂದ್ರತೆ ಬೇರೆ. ಸಕ್ಕರೆಯ ತೊಂದರೆ ಇದಕ್ಕಿಂತ ದೊಡ್ಡದು. ಯೀಸ್ಟ್ ತೇಲುವಷ್ಟು ಸಾಂದ್ರ ಮಾಡಲು ಹೋದರೆ ದ್ರಾವಣ 1 ಮೋಲಾರ್ ಹತ್ತಿರ ಬರುತ್ತದೆ. ಆಗ ಕೋಶದೊಳಗಿನ ನೀರು ಹೊರಗೆ ಬಂದು ಎಲ್ಲ ಕೋಶಗಳೂ ಕುಗ್ಗುತ್ತವೆ, ನೀವು ಅಳೆಯಹೊರಟ ಸಾಂದ್ರತೆಯೇ ಬದಲಾಗುತ್ತದೆ. ಸಾಲದ್ದಕ್ಕೆ ಸುಕ್ರೋಸ್ ಯೀಸ್ಟಿಗೆ ಆಹಾರ, ಮಲಗಿದ್ದನ್ನು ಎಬ್ಬಿಸಿದಂತಾಗುತ್ತದೆ. ಪರ್ಕಾಲ್ ಎಂದರೆ ಪಿವಿಪಿ ಎಂಬ ಪಾಲಿಮರ್ ಲೇಪಿಸಿದ ಸಿಲಿಕಾ ಕಣಗಳು. ಸಾಂದ್ರತೆ 1.13, ಆದರೆ ಆಸ್ಮಾಟಿಕ್ ಒತ್ತಡ, ಅಂದರೆ ಕೋಶದಿಂದ ನೀರೆಳೆಯುವ ಗುಣ, ತೀರಾ ಕಡಿಮೆ. ಅದಕ್ಕೆ ಕೊಡುವ ದುಡ್ಡು ಈ ಒಂದು ಗುಣಕ್ಕೇ. ಒಂದು ಟ್ಯೂಬಿಗೆ ಬೇಕಾಗುವುದು 9 ಮಿಲಿ ಮಾತ್ರ.

ಈಗ ಮುಖ್ಯ ವಿಷಯ. ಈ ಕೆಲಸ ಕೆಡುವುದು ಸೆಂಟ್ರಿಫ್ಯೂಜಿನಲ್ಲಲ್ಲ, ಯೀಸ್ಟ್ ಬೆಳೆಸುವಾಗ ಫ್ಲಾಸ್ಕನ್ನು ಅಲುಗಾಡಿಸುವ ಶೇಕರಿನಲ್ಲಿ. ನನಗೆ ದುಬಾರಿಯಾದದ್ದೂ ಅದೇ, ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ವೈಪಿಡಿ ಎಂಬ ಮಾಧ್ಯಮದಲ್ಲಿ (ಯೀಸ್ಟ್ ಸಾರ 1%, ಪೆಪ್ಟೋನ್ 2%, ಗ್ಲೂಕೋಸ್ 2%) 30 ಡಿಗ್ರಿಯಲ್ಲಿ ಬೆಳೆಸಿದಾಗ ಸುಮಾರು ಒಂದು ದಿನದೊಳಗೆ ಗ್ಲೂಕೋಸ್ ಮುಗಿಯುತ್ತದೆ. ಒ.ಡಿ. (ಕೋಶ ಹೆಚ್ಚಿದಂತೆ ಏರುವ ಮಬ್ಬಿನ ಅಳತೆ) ಏರುವುದು ನಿಧಾನವಾಗುತ್ತದೆ. ಬೆಳವಣಿಗೆ ನಿಂತಿತು, ಇನ್ನು ಸ್ಪಿನ್ ಮಾಡೋಣ ಎನ್ನಿಸುವುದು ಆಗಲೇ. ಅದು ಬೆಳವಣಿಗೆ ಪೂರ್ತಿ ನಿಂತ ಸ್ಥಿರ ಹಂತವಲ್ಲ. ಕೋಶಗಳು ತಾವೇ ಬಿಟ್ಟ ಎಥನಾಲನ್ನು ಉಸಿರಾಟದ ಮೂಲಕ ಸುಡಲು ಹೊರಳುವ ಹೊತ್ತು. ಗ್ಲೈಕೋಜನ್, ಟ್ರೆಹಲೋಸ್ ತುಂಬುವುದು, ಕೋಶಭಿತ್ತಿ ದಪ್ಪವಾಗುವುದು, ಸುಪ್ತ ಕೋಶ ಭಾರವಾಗುವುದು ಎಲ್ಲವೂ ಈ ಅವಧಿಯ ಕೆಲಸ, ಅದಕ್ಕೆ ಆಮ್ಲಜನಕ ಬೇಕೇ ಬೇಕು. ಫ್ಲಾಸ್ಕಿನ ಅರ್ಧಕ್ಕೆ ಮಾಧ್ಯಮ ತುಂಬಿದರೆ, ಮುಚ್ಚಳ ಬಿಗಿದರೆ, ಶೇಕರ್ ನಿಂತರೆ ಉಸಿರಾಟ ಕುಂಟುತ್ತದೆ. ಆಮೇಲೆ ಗ್ರೇಡಿಯೆಂಟಿನಲ್ಲಿ (ಮೇಲಿನಿಂದ ಕೆಳಕ್ಕೆ ಸಾಂದ್ರತೆ ಏರುತ್ತ ಹೋಗುವ ಪರ್ಕಾಲ್ ಕಂಬದಲ್ಲಿ) ಹಗುರ ಕೋಶಗಳದು ಮೇಲೆ, ಸುಪ್ತ ಕೋಶಗಳದು ಕೆಳಗೆ ಎಂದು ಎರಡು ಪಟ್ಟಿ ಬರುವ ಬದಲು ಮಸುಕಾದ ಒಂದೇ ಪಟ್ಟಿ ಕಾಣುತ್ತದೆ. ಜೋರು ಮಳೆಯ ಕಕ್ಕಡ ತಿಂಗಳಲ್ಲಿ ಕೊಡಗಿನಲ್ಲಿ ರಾತ್ರಿ ಕರೆಂಟ್ ಹೋಗುವುದು ಹೊಸತಲ್ಲ. ಎಷ್ಟೋ ಶೇಕರ್‌ಗಳು ಕರೆಂಟ್ ಬಂದ ಮೇಲೂ ತಾವಾಗಿ ತಿರುಗುವುದಿಲ್ಲ, ಬೆಳಿಗ್ಗೆ ನೋಡಿದರೆ ಯೀಸ್ಟ್ ತಳದಲ್ಲಿ ಕೂತಿರುತ್ತದೆ. ಕಲಕಿ ಮುಂದುವರಿಸಬೇಡಿ, ಆ ಬ್ಯಾಚ್ ಬಿಡಿ. 250 ಮಿಲಿ ಫ್ಲಾಸ್ಕಿಗೆ 25 ಮಿಲಿ, ಹೆಚ್ಚೆಂದರೆ 50 ಮಿಲಿ, ಹತ್ತಿಯ ಬಿರಡೆ, 200 ಆರ್‌ಪಿಎಂ, ಏಳು ದಿನ. ಶೇಕರಿಗೆ ಯುಪಿಎಸ್ ಸಿಗದಿದ್ದರೆ ಈ ಪ್ರಯೋಗವನ್ನು ಮಳೆಗಾಲಕ್ಕೆ ಇಟ್ಟುಕೊಳ್ಳಲೇಬೇಡಿ.

ಬೇರ್ಪಡಿಸುವ ವಿಧಾನ 2006ರಲ್ಲಿ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದ ಮಾರ್ಗರೆಟ್ ವರ್ನರ್-ವಾಷ್‌ಬರ್ನ್ ತಂಡ ಪ್ರಕಟಿಸಿದ್ದು. 9 ಭಾಗ ಪರ್ಕಾಲಿಗೆ 1 ಭಾಗ 1.5 ಮೋಲಾರ್ ಉಪ್ಪಿನ ದ್ರಾವಣ ಬೆರೆಸಿ, 10 ಮಿಲಿಯನ್ನು ಟ್ಯೂಬಿಗೆ ಹಾಕಿ, ಫಿಕ್ಸೆಡ್ ಆಂಗಲ್ ರೋಟರಿನಲ್ಲಿ 20 ಡಿಗ್ರಿಯಲ್ಲಿ ಸುಮಾರು 19,000 ಜಿ (ಭೂಗುರುತ್ವದ 19,000 ಪಟ್ಟು), 15 ನಿಮಿಷ ತಿರುಗಿಸಿ. ಗ್ರೇಡಿಯೆಂಟ್ ತಾನಾಗಿ ಏರ್ಪಡುತ್ತದೆ. ಮಾಮೂಲಿ ಪ್ಲಾಸ್ಟಿಕ್ ಫಾಲ್ಕನ್ ಟ್ಯೂಬ್ ಈ ವೇಗ ತಡೆಯುವುದಿಲ್ಲ, ಬಿರಿಯುತ್ತದೆ. ಆ ವೇಗಕ್ಕೆಂದೇ ಮಾಡಿದ ದಪ್ಪ ಗೋಡೆಯ ಟ್ಯೂಬ್ ಬೇಕು. ಆಟೋಕ್ಲೇವ್ ಮಾಡುವುದಿದ್ದರೆ ಬರೀ ಪರ್ಕಾಲನ್ನು ಮಾಡಿ. ಉಪ್ಪು ಬೆರೆಸಿ ಮಾಡಿದರೆ ಸಿಲಿಕಾ ಗಂಟು ಕಟ್ಟುತ್ತದೆ.

ಆಮೇಲೆ 200 ಒ.ಡಿ.ಯಷ್ಟು, ಅಂದರೆ ಸುಮಾರು 200 ಕೋಟಿ ಕೋಶಗಳನ್ನು 1 ಮಿಲಿ ಟ್ರಿಸ್ ಬಫರಿನಲ್ಲಿ (50 ಮಿಲಿಮೋಲಾರ್, ಪಿಎಚ್ 7.5) ಚೆನ್ನಾಗಿ ವೋರ್ಟೆಕ್ಸ್ ಮಾಡಿ, ಗ್ರೇಡಿಯೆಂಟಿನ ಮೇಲೆ ಗೋಡೆಗುಂಟ ಮೆಲ್ಲಗೆ ಇಳಿಸಿ. ಹೆಚ್ಚು ಹಾಕುವ ಆಸೆ ಬೇಡ, ಪಟ್ಟಿಗಳು ಕಲೆಸಿಹೋಗುತ್ತವೆ. ಈ ಸಲ ಸ್ವಿಂಗ್ ಬಕೆಟ್ ರೋಟರ್, 400 ಜಿ, 60 ನಿಮಿಷ, 20 ಡಿಗ್ರಿ, ಬ್ರೇಕ್ ಇಲ್ಲದೆ. ಇದು 400 ಜಿ, 400 ಆರ್‌ಪಿಎಂ ಅಲ್ಲ: ರೋಟರಿನ ತ್ರಿಜ್ಯ 16 ಸೆಂ.ಮೀ. ಇದ್ದರೆ ಸುಮಾರು 1,500 ಆರ್‌ಪಿಎಂ ಆಗುತ್ತದೆ. ಮೇಲಿನ ಪಟ್ಟಿಯನ್ನು ಮೊದಲು ಪಿಪೆಟ್‌ನಿಂದ ತೆಗೆಯಿರಿ, ನಡುವಿನದನ್ನು ಚೆಲ್ಲಿ, ಕೆಳಗಿನದನ್ನು ಬೇರೆ ಟ್ಯೂಬಿಗೆ ಹಾಕಿ 40 ಮಿಲಿ ಬಫರಿನಲ್ಲಿ ತೊಳೆಯಿರಿ. ಕಡಿಮೆ ಬಫರಿನಲ್ಲಿ ತೊಳೆದರೆ ಪರ್ಕಾಲ್ ಉಳಿದು ಕೋಶಗಳು ಸರಿಯಾಗಿ ಕೂರುವುದಿಲ್ಲ.

ಕೆಳಗೆ ಬಂದದ್ದೆಲ್ಲ ಸುಪ್ತ ಎಂದು ಥೀಸಿಸ್‌ನಲ್ಲಿ ಬರೆದುಬಿಡಬೇಡಿ. ಸಾಂದ್ರತೆ ಒಂದು ಸುಳಿವು ಮಾತ್ರ. ಫೇಸ್ ಕಾಂಟ್ರಾಸ್ಟ್ ಸೂಕ್ಷ್ಮದರ್ಶಕದಲ್ಲಿ ಕೆಳಪಟ್ಟಿಯ ಕೋಶಗಳು ಹೊಳೆಯಬೇಕು, ಬಹುತೇಕ ಯಾವುದಕ್ಕೂ ಮೊಗ್ಗು ಇರಬಾರದು. ಎರಡೂ ಪಟ್ಟಿಗಳ ಕೋಶಗಳನ್ನು ಹಿಮೋಸೈಟೋಮೀಟರಿನಲ್ಲಿ (ಕೋಶ ಎಣಿಸುವ ಗೆರೆಗಳಿರುವ ಸ್ಲೈಡಿನಲ್ಲಿ) ಎಣಿಸಿ, ಸಮ ಸಂಖ್ಯೆಯಲ್ಲಿ ಪ್ಲೇಟ್ ಮಾಡಿ ಕಾಲೊನಿ ಹೋಲಿಸಿ. ಹೊಸ ವೈಪಿಡಿಗೆ ಹಾಕಿದಾಗ ಕೆಳಪಟ್ಟಿಯವು ಹೆಚ್ಚುಕಡಿಮೆ ಒಟ್ಟಿಗೆ ಮೊಗ್ಗು ಬಿಡಬೇಕು, ಮೇಲಿನವು ಹಿಂದುಮುಂದಾಗುತ್ತವೆ.

ಮೊದಲು ಎಸ್288ಸಿ ಮೂಲದ ಒಂದು ಲ್ಯಾಬ್ ತಳಿಯಲ್ಲಿ ಕೈ ಪಳಗಿಸಿ. ವೈನಿನ ಯೀಸ್ಟೇ ಬೇಕೆಂದಿದ್ದರೆ ಗಸಿಯನ್ನು ಪ್ಲೇಟಿನ ಮೇಲೆ ಗೀರಿ, ಒಂಟಿ ಕಾಲೊನಿ ಆರಿಸಿ, ಜಾತಿ ಖಚಿತಪಡಿಸಿಕೊಂಡು ಅದನ್ನೂ ಇದೇ ಏಳು ದಿನದ ಹಾದಿಯಲ್ಲಿ ತನ್ನಿ. ಗುಂಪುಗಟ್ಟುವ ತಳಿಯಾದರೆ ಗ್ರೇಡಿಯೆಂಟಿಗೆ ಹಾಕುವ ಮೊದಲು ಇಡಿಟಿಎ ಬೆರೆಸಿದ ಬಫರಿನಲ್ಲಿ ತೊಳೆಯಿರಿ: ಅವುಗಳನ್ನು ಅಂಟಿಸುವುದು ಕ್ಯಾಲ್ಸಿಯಂ, ಇಡಿಟಿಎ ಅದನ್ನು ಹಿಡಿದುಕೊಳ್ಳುತ್ತದೆ.