ಪ್ಲಾಟ್‌ಫಾರ್ಮ್ ಆಮೇಲೆ ಬದಲಿಸಿ, ಮೊದಲು ನಿಮ್ಮದೇ ಅಂಗಡಿಯಲ್ಲಿ ಒಂದು ಸಲ ಖರೀದಿ ಮಾಡಿ
ಒಂದೂವರೆ ವರ್ಷದಿಂದ ಆರ್ಡರ್ ಒಂದೇ ಕಡೆ ನಿಂತಿದೆ, ಆನ್‌ಲೈನ್ ಅಂಗಡಿ ನಡೆಸುವ ಸಾಫ್ಟ್‌ವೇರನ್ನೇ ಬದಲಿಸಿ, ವೂಕಾಮರ್ಸ್ ಬಿಟ್ಟು ಶಾಪಿಫೈಗೆ ಹೋಗಿ, ಹೊಸ ಡಿಸೈನ್ ಹಾಕಿಸಿ, ಜಾಹೀರಾತಿಗೆ ದುಡ್ಡು ಸುರಿದರೆ ವ್ಯಾಪಾರ ಏಳುತ್ತದಾ ಅಂತ ಕೇಳಿದ್ದೀರಿ. ಏಳಲ್ಲ. ಈ ಪ್ರಶ್ನೆಯನ್ನು ನಾನು ಯಾರನ್ನೂ ಕೇಳಲಿಲ್ಲ, ಸೀದಾ ಮಾಡಿಯೇ ನೋಡಿದೆ.

ನನ್ನದು ಇಂಕ್ ಪೆನ್ನು, ಇಂಕು, ನೋಟ್‌ಬುಕ್ ಮಾರುವ ಸಣ್ಣ ಆನ್‌ಲೈನ್ ಅಂಗಡಿ, ಆಗ ಅದೂ ವೂಕಾಮರ್ಸಿನಲ್ಲೇ ಇತ್ತು. 140 ಐಟಂ, ದಿನಕ್ಕೆ ಎಂಟು ಹತ್ತು ಆರ್ಡರ್. ಎರಡು ವರ್ಷ ಅಲ್ಲೇ ನಿಂತಿತ್ತು. ಒಂದು ರಾತ್ರಿ ಇನ್ಯಾರದೋ ಅಂಗಡಿ ನೋಡಿದೆ. ಬಟನ್ನುಗಳು ಎಷ್ಟು ನುಣುಪು, ಫೋಟೋ ಎಷ್ಟು ಚೆಂದ! ಅವರದು ಶಾಪಿಫೈ ಅಂತ ಗೊತ್ತಾದ ಕೂಡಲೇ ನನ್ನ ರೋಗಕ್ಕೆ ಮದ್ದು ಸಿಕ್ಕಿತು ಅಂದುಕೊಂಡೆ. ಆ ಕಂಪನಿಯ ಕಥೆಯನ್ನೂ ಓದಿದೆ. ಅವರೂ 2004ರಲ್ಲಿ ಸ್ನೋಬೋರ್ಡ್ ಮಾರಲು ಹೊರಟವರೇ, ಇದ್ದ ಸಾಫ್ಟ್‌ವೇರ್ ಯಾವುದೂ ಹಿಡಿಸದೆ ತಾವೇ ಬರೆದುಕೊಂಡರು, 2006ರಲ್ಲಿ ಅದನ್ನೇ ಮಾರತೊಡಗಿದರು. ಗುಟ್ಟು ಸಾಫ್ಟ್‌ವೇರಿನಲ್ಲೇ ಇದೆ ಅನ್ನಿಸಿತು. ಅವರು ಗೆದ್ದದ್ದು ಸಾಫ್ಟ್‌ವೇರ್ ಮಾರಿ, ನಾನು ಮಾರುತ್ತಿದ್ದದ್ದು ನೋಟ್‌ಬುಕ್ಕು ಅನ್ನುವುದು ಆಗ ಹೊಳೆಯಲಿಲ್ಲ. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತಲ್ಲ, ಹಾಗೆ.

ಒಂದು ಶನಿವಾರ ಬೆಳಗ್ಗೆ ಶುರು ಮಾಡಿದೆ. ಐಟಂಗಳನ್ನೆಲ್ಲ ಸಿಎಸ್‌ವಿ ಅನ್ನುವ ಪಟ್ಟಿ ಫೈಲಿಗೆ ಇಳಿಸಿ, ಅಲ್ಲಿಂದ ಹೊಸ ಕಡೆಗೆ ಏರಿಸಿದೆ. ಫೋಟೋ ಬಂತು, ಸ್ಟಾಕ್ ಬಂತು, ವಿವರಣೆ ಬಂತು. ಭಾನುವಾರ ರಾತ್ರಿ ಡಿಎನ್‌ಎಸ್ ತಿರುಗಿಸಿದೆ, ಅಂದರೆ ಅಂಗಡಿಯ ವೆಬ್ ಹೆಸರು ಒತ್ತಿದವರು ಹೊಸ ಕಡೆಗೆ ಹೋಗುವ ಹಾಗೆ ಮಾಡಿದೆ. ಫೋನಿನಲ್ಲಿ ತೆರೆದು ನೋಡಿದರೆ ಅಂಗಡಿ ಫಳಫಳ ಅನ್ನುತ್ತಿತ್ತು. ಮನೆಯವರಿಗೆಲ್ಲ ತೋರಿಸಿದೆ.

ಮೊದಲ ವಾರ ಏನೂ ಆಗಲಿಲ್ಲ. ಎರಡನೇ ವಾರ ಆರ್ಡರ್ ಸ್ವಲ್ಪ ಇಳಿಯಿತು. ನಾಲ್ಕನೇ ವಾರಕ್ಕೆ ದಿನಕ್ಕೆ ಎರಡು. ಸೀಸನ್ ಡಲ್ ಇರಬೇಕು ಅಂದುಕೊಂಡು ರಿಯಾಯಿತಿ ಕೊಟ್ಟೆ, ಜಾಹೀರಾತು ಹಾಕಿದೆ. ಆರನೇ ವಾರ ಹಳೇ ಗಿರಾಕಿಯೊಬ್ಬರ ಇಮೇಲ್ ಬಂತು: ‘ನಿಮ್ಮ ಇಂಕ್ ಟೆಸ್ಟ್ ಇದ್ದ ಪುಟ ಬುಕ್‌ಮಾರ್ಕ್ ಮಾಡಿಟ್ಟಿದ್ದೆ, ಈಗ ಪುಟ ಸಿಗಲಿಲ್ಲ ಅಂತ ಬರುತ್ತೆ. ಅಂಗಡಿ ಮುಚ್ಚಿದ್ರಾ?’

ಎದೆ ಧಸಕ್ಕೆಂದಿತು. ಅವರು ಕಳಿಸಿದ್ದ ಲಿಂಕನ್ನೂ ಹೊಸ ಲಿಂಕನ್ನೂ ಒಂದರ ಕೆಳಗೊಂದು ಇಟ್ಟು ನೋಡಿದೆ. ವೂಕಾಮರ್ಸಿನಲ್ಲಿ ಐಟಂ ಪುಟದ ವಿಳಾಸದಲ್ಲಿ ಮಾಮೂಲಾಗಿ ‘ಪ್ರಾಡಕ್ಟ್’ ಅಂತ ಬರುತ್ತದೆ. ಶಾಪಿಫೈಯಲ್ಲಿ ‘ಪ್ರಾಡಕ್ಟ್ಸ್’, ಅದನ್ನು ನಾವು ಬದಲಿಸಲೂ ಆಗದು. ಕೊನೆಯಲ್ಲಿ ಒಂದೇ ಒಂದು ‘ಎಸ್’ ಅಕ್ಷರ. ಆ ಒಂದಕ್ಷರಕ್ಕೆ ನನ್ನ ಅಂಗಡಿಯ 140 ಬಾಗಿಲೂ ಮುಚ್ಚಿದ್ದವು. ವಿಭಾಗಗಳ ಪುಟಗಳದ್ದೂ ಅದೇ ಗತಿ, ಅಲ್ಲಿ ‘ಪ್ರಾಡಕ್ಟ್ ಕೆಟಗರಿ’ ಇದ್ದದ್ದು ಇಲ್ಲಿ ‘ಕಲೆಕ್ಷನ್ಸ್’.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ, ನನ್ನ ಒಂದು ವರ್ಷ ಇದರಲ್ಲೇ ಹೋಗಿದೆ. ಗೂಗಲ್ ನೆನಪಿಟ್ಟುಕೊಳ್ಳುವುದು ಅಂಗಡಿಯನ್ನಲ್ಲ, ಒಂದೊಂದು ಪುಟದ ವಿಳಾಸವನ್ನು. ಎರಡು ವರ್ಷದಲ್ಲಿ ಯಾರೋ ಕೊಟ್ಟ ಲಿಂಕು, ಯಾರೋ ಹಂಚಿಕೊಂಡದ್ದು, ಹುಡುಕಿ ಬಂದವರು ಓದುತ್ತಾ ಕೂತದ್ದು, ಇದೆಲ್ಲದರ ಪುಣ್ಯ ಆ ಹಳೇ ವಿಳಾಸದ ಖಾತೆಯಲ್ಲಿ ಜಮಾ ಆಗಿರುತ್ತದೆ. ಪುಟ ಬೇರೆ ವಿಳಾಸಕ್ಕೆ ಹೋದರೆ, ಹಳೇ ವಿಳಾಸದಲ್ಲಿ ‘301’ ಅನ್ನುವ ಸೂಚನೆ ಇಡಬೇಕು. ‘ಇದು ಕಾಯಂ ಆಗಿ ಅಲ್ಲಿಗೆ ಹೋಗಿದೆ’ ಅಂತ ಅದರ ಅರ್ಥ. 302 ಅಂದರೆ ‘ಸದ್ಯಕ್ಕೆ ಅಲ್ಲಿದೆ’ ಅಂತ, ಅದು ಬೇಡ. ನಾನು ಎರಡನ್ನೂ ಇಡಲಿಲ್ಲ. ಹಾಗಾಗಿ ಗೂಗಲ್ ಬಂದು ತಟ್ಟಿದಾಗಲೆಲ್ಲ 404, ಅಂದರೆ ‘ಪುಟ ಸಿಗಲಿಲ್ಲ’, ಒಳಗೆ ಯಾರೂ ಇಲ್ಲ. ಹಲವು ಸಲ ಹಾಗಾದ ಮೇಲೆ ಒಂದೊಂದೇ ಪುಟವನ್ನು ಪಟ್ಟಿಯಿಂದ ತೆಗೆದುಹಾಕಿತು. ನಮ್ಮ ಪುಟಗಳು ಹುಡುಕಾಟದಲ್ಲಿ ಹೇಗಿವೆ ಅಂತ ಗೂಗಲ್ ತೋರಿಸುವ ಸರ್ಚ್ ಕನ್ಸೋಲ್ ತೆರೆದಿದ್ದರೆ ಎರಡನೇ ವಾರಕ್ಕೇ ಗೊತ್ತಾಗುತ್ತಿತ್ತು, ‘ಸಿಗಲಿಲ್ಲ’ ಅನ್ನುವ ಪಟ್ಟಿ ಅಲ್ಲಿ ದಿನದಿನಕ್ಕೂ ಉದ್ದವಾಗುತ್ತಿತ್ತು. ನಾನು ಆ ಆರು ವಾರ ಬಣ್ಣ, ಬ್ಯಾನರ್ ಬದಲಿಸುತ್ತಾ ಕೂತಿದ್ದೆ.

ಅದರ ಮೇಲೆ ಇನ್ನೊಂದು ಮೂರ್ಖತನ. ಗಾಬರಿಯಲ್ಲಿ ಹಳೇ ವಿಳಾಸಗಳನ್ನೆಲ್ಲ ಒಟ್ಟಿಗೆ ಮುಖಪುಟಕ್ಕೆ ತಿರುಗಿಸಿದೆ. ಇಂಕ್ ಟೆಸ್ಟ್ ಹುಡುಕಿ ಬಂದವನನ್ನು ಹೆಬ್ಬಾಗಿಲಲ್ಲಿ ತಂದು ನಿಲ್ಲಿಸಿದರೆ ಅವನಿಗೇನು ಸಿಕ್ಕಿತು? ಗೂಗಲ್ ಕೂಡ ಇದನ್ನು ‘ಸಾಫ್ಟ್ 404’ ಅಂತಲೇ ಲೆಕ್ಕ ಹಾಕುತ್ತದೆ, ಅಂದರೆ ಪುಟ ಇಲ್ಲ ಅಂತಲೇ. ಕೊನೆಗೆ ಸ್ಪ್ರೆಡ್‌ಶೀಟಿನ ಎಡಗಡೆ ಹಳೇ ವಿಳಾಸ, ಬಲಗಡೆ ಅದಕ್ಕೆ ಸರಿಯಾದ ಹೊಸ ವಿಳಾಸ ಬರೆದು ಮುಗಿಸಿದಾಗ ಮುನ್ನೂರು ಸಾಲು ದಾಟಿತ್ತು. ಶಾಪಿಫೈಯಲ್ಲಿ ಆ ಪಟ್ಟಿಯನ್ನು ಒಂದೇ ಸಲಕ್ಕೆ ಏರಿಸುವ ಸೌಲಭ್ಯ ಮೊದಲಿನಿಂದಲೂ ಇತ್ತು. ಅವರ ತಪ್ಪೇನೂ ಇಲ್ಲ, ನಾನು ಆ ಪುಟವನ್ನೇ ತೆರೆದಿರಲಿಲ್ಲ. ಒಂದು ಮಧ್ಯಾಹ್ನದ ಕೆಲಸ. ಅದನ್ನು ಎರಡು ತಿಂಗಳು ತಡವಾಗಿ ಮಾಡಿದ್ದಕ್ಕೆ, ಬಿದ್ದದ್ದು ಮೇಲೇಳಲು ಐದು ತಿಂಗಳು ಬೇಕಾಯಿತು. ಪೂರ್ತಿ ಏಳಲೂ ಇಲ್ಲ, ಗೂಗಲ್ ಹುಡುಕಾಟದ ಎರಡು ಮೂರು ಒಳ್ಳೇ ಜಾಗಗಳಲ್ಲಿ ಅಷ್ಟರೊಳಗೆ ಬೇರೆಯವರು ಬಂದು ಕೂತಿದ್ದರು.

ಹೊಟ್ಟೆ ಉರಿಯುವುದು ಎಲ್ಲಿ ಗೊತ್ತಾ? ನನಗೆ ನಿಜವಾಗಿ ವ್ಯಾಪಾರ ತಂದುಕೊಡುತ್ತಿದ್ದದ್ದು ಆ ಇಂಕ್ ಟೆಸ್ಟ್ ಪುಟಗಳೇ. ಒಂದೊಂದು ನೋಟ್‌ಬುಕ್ಕಿನ ಹಾಳೆಯ ಮೇಲೂ ಮೂರು ನಿಬ್ಬಿನಲ್ಲಿ ಬರೆದು, ಹಾಳೆ ತಿರುವಿ, ಹಿಂಬದಿಯ ಫೋಟೋ ಹಾಕುತ್ತಿದ್ದೆ. ಜನ ಹಾಳೆಯ ಜಿಎಸ್‌ಎಂ (ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ಅನ್ನುವ ಲೆಕ್ಕ) ಮಾತ್ರ ನೋಡಿ ಕೊಂಡು ಮೋಸ ಹೋಗುತ್ತಾರೆ. 100 ಜಿಎಸ್‌ಎಂ ದಪ್ಪ ಹಾಳೆಯಲ್ಲೂ ಇಂಕು ಹರಡಬಹುದು, 52 ಜಿಎಸ್‌ಎಂ ತೆಳು ಹಾಳೆಯೂ ತಡೆಯಬಹುದು, ಇಂಕು ಹೀರದಂತೆ ಮೇಲ್ಮೈಗೆ ಹಚ್ಚಿದ ಸೈಜಿಂಗ್ ಅನ್ನುವ ಲೇಪದ ಮೇಲೆ ಹೋಗುತ್ತದೆ ಅದು. ಇದನ್ನೇ ಬರೆದಿದ್ದೆ, ಇದನ್ನೇ ಹುಡುಕುತ್ತಾ ಜನ ಬರುತ್ತಿದ್ದರು. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದದ್ದಲ್ಲದೆ, ಬೆಣ್ಣೆಯನ್ನೂ ಚೆಲ್ಲಿದೆ.

ಮತ್ತೆ ಎರಡು ವರ್ಷ ವ್ಯಾಪಾರ ನಿಂತಿದ್ದು ಯಾಕೆ? ಅದು ಗೊತ್ತಾದದ್ದು ತಂಗಿ ತನ್ನ ಫೋನಿನಲ್ಲಿ ನನ್ನ ಅಂಗಡಿಯಿಂದ ಒಂದು ಇಂಕ್ ಬಾಟಲಿ ಕೊಳ್ಳಲು ಕೂತಾಗ. ಪಕ್ಕದಲ್ಲಿ ಸುಮ್ಮನೆ ನೋಡುತ್ತಿದ್ದೆ. ಕಾರ್ಟಿಗೆ ಹಾಕಿದಳು, ಖಾತೆ ತೆರೆಯಿರಿ ಅಂತ ಬಂತು, ಗೊಣಗುತ್ತಲೇ ತೆರೆದಳು, ವಿಳಾಸ ತುಂಬಿದಳು. ಕೊನೆಯ ಪುಟದಲ್ಲಿ ಸಾಗಣೆ ವೆಚ್ಚ ಕಂಡಿತು. ‘ಇದನ್ನ ಮೊದಲೇ ಹೇಳೋಕೇನು?’ ಅಂತ ಫೋನ್ ಕೆಳಗಿಟ್ಟಳು. ಸ್ವಂತ ತಂಗಿ! ಆನ್‌ಲೈನ್ ಖರೀದಿಯ ಬಗ್ಗೆ ಸಂಶೋಧನೆ ಮಾಡುವ ಬೇಮಾರ್ಡ್ ಇನ್‌ಸ್ಟಿಟ್ಯೂಟ್ ಇದನ್ನೇ ವರ್ಷಗಟ್ಟಲೆ ಅಧ್ಯಯನ ಮಾಡಿದೆ. ಅವರ ಲೆಕ್ಕದಲ್ಲಿ ಸರಾಸರಿ ಶೇ. 70ರಷ್ಟು ಕಾರ್ಟುಗಳು ಖರೀದಿಯಾಗದೆ ಉಳಿಯುತ್ತವೆ. ಸುಮ್ಮನೆ ನೋಡಲು ಬಂದವರನ್ನು ಬಿಟ್ಟರೆ, ಕೊನೆಗೆ ಸೇರಿಕೊಳ್ಳುವ ಹೆಚ್ಚುವರಿ ವೆಚ್ಚವೇ ಅದಕ್ಕೆ ಮೊದಲ ಕಾರಣ. ಈ ತಪ್ಪು ಹಳೇ ಅಂಗಡಿಯಲ್ಲೂ ಇತ್ತು. ನಾನೇ ಜೋಪಾನವಾಗಿ ಹೊಸದಕ್ಕೂ ಸಾಗಿಸಿದ್ದೆ. ಸಾಗಣೆ ವೆಚ್ಚವನ್ನು ಐಟಂ ಪುಟದಲ್ಲೇ ಬರೆದೆ, ಖಾತೆ ಇಲ್ಲದೆ ಕೊಳ್ಳಲು ಬಿಟ್ಟೆ. ಅಲ್ಲಿಂದ ಆರ್ಡರ್ ಏರತೊಡಗಿತು. ಎರಡನ್ನೂ ವೂಕಾಮರ್ಸಿನಲ್ಲೇ ಮಾಡಬಹುದಿತ್ತು.

ಜಾಹೀರಾತಿನ ಬಗ್ಗೆ ಇಷ್ಟೇ: ನೂರು ಖರ್ಚಿಗೆ ಮುನ್ನೂರರ ಮಾಲು ಹೋಯಿತು ಅಂತ ಡ್ಯಾಶ್‌ಬೋರ್ಡ್ ತೋರಿಸಿದಾಗ ನಾನು ಕುಣಿದಿದ್ದೆ. ಮಾಲಿನ ಖರೀದಿ, ಸಾಗಣೆ, ಪ್ಯಾಕಿಂಗ್, ಪಾವತಿ ಶುಲ್ಕ, ವಾಪಸ್ ಬಂದದ್ದು ಎಲ್ಲ ಕಳೆದರೆ ಮುನ್ನೂರರಲ್ಲಿ ನನಗೆ ಉಳಿಯುತ್ತಿದ್ದದ್ದು ತೊಂಬತ್ತು. ಅಂದರೆ ಪ್ರತಿ ಸಲ ಹತ್ತು ಕೈಯಿಂದ. ನಿಮಗೆ ಒಂದು ಆರ್ಡರಿನಲ್ಲಿ ಎಷ್ಟು ಉಳಿಯುತ್ತದೆ ಅನ್ನುವುದು ಪೆನ್ನು ಹಿಡಿದು ಬರೆಯುವವರೆಗೂ ಜಾಹೀರಾತಿನ ತಂಟೆಗೆ ಹೋಗಬೇಡಿ. ಆ ಕೆಟ್ಟ ತಿಂಗಳುಗಳಲ್ಲಿ ನನ್ನನ್ನು ಉಳಿಸಿದ್ದು ಜಾಹೀರಾತಲ್ಲ, ಹಳೇ ಗಿರಾಕಿಗಳ ಇಮೇಲ್ ಪಟ್ಟಿ.

ಇಷ್ಟು ಹೇಳಿದ ಮೇಲೂ ಶಾಪಿಫೈಗೆ ಹೋಗಲೇಬೇಕು ಅಂದರೆ ಹೋಗಿ, ಅದು ಕೆಟ್ಟದ್ದೇನಲ್ಲ, ನಾನು ಈಗಲೂ ಅಲ್ಲೇ ಇದ್ದೇನೆ. ಹಳೇ ವಿಳಾಸಗಳ ಪಟ್ಟಿಯನ್ನು ಮಾತ್ರ ಮೊದಲೇ ತೆಗೆದಿಟ್ಟುಕೊಳ್ಳಿ, 301ಗಳನ್ನು ಕಡಿಮೆ ಅಂದರೂ ಒಂದು ವರ್ಷ ತೆಗೆಯಬೇಡಿ ಅಂತ ಗೂಗಲ್ಲೇ ಹೇಳುತ್ತದೆ.

ಈಗ ನೀವು ಹೇಳಿ. ಕಳೆದ ತಿಂಗಳು ಐಟಂ ಪುಟ ನೋಡಿದವರು ಎಷ್ಟು, ಕಾರ್ಟಿಗೆ ಹಾಕಿದವರು ಎಷ್ಟು, ದುಡ್ಡು ಕಟ್ಟಿದವರು ಎಷ್ಟು? ಮೂರು ಸಂಖ್ಯೆ ಕೆಳಗೆ ಹಾಕಿ, ಎಲ್ಲಿ ಸೋರುತ್ತಿದೆ ನೋಡೋಣ.